ನಗರ ಬಾಗಿಲಿಗೆ ಬಂದ ಮೇಲೂ ಊರಾಗಿಯೇ ಉಳಿದಿರುವ ಜಾವಾದ ಒಂದು ಹಳ್ಳಿ

ಇಂಡೋನೇಷ್ಯಾದಲ್ಲಿ ಬೆಳೆಯುತ್ತಿರುವ ನಗರಗಳ ಪಕ್ಕದ ಹಳ್ಳಿಗಳು ಹೇಗಿವೆ, ಬೆಂಗಳೂರಿನ ಸುತ್ತಲಿನ ಹಳ್ಳಿಗಳಂತೆ ಅವೂ ಬಡಾವಣೆಗಳಾಗಿ ಹೋಗುತ್ತಿವೆಯೇ, ಅಲ್ಲಿ ಇದ್ದು ಬಂದವರು ಯಾರಾದರೂ ಹೇಳಬಹುದೇ ಎಂದು ತಾವು ಕೇಳಿದ್ದೀರಿ. ಸಾವಿರಾರು ದ್ವೀಪಗಳ ಆ ದೇಶದ ಎಲ್ಲ ಹಳ್ಳಿಗಳ ಪರವಾಗಿ ನಾನು ಮಾತನಾಡಲಾರೆ. ಆದರೆ ಒಂದು ಹಳ್ಳಿಯಲ್ಲಿ ಒಂದು ವರ್ಷ ಇದ್ದೆ. 2018–19ರಲ್ಲಿ, ಅಲ್ಲಿನ ಸರ್ಕಾರ ವಿದೇಶೀಯರಿಗೆ ಕೊಡುವ ದರ್ಮಾಸಿಸ್ವ ವಿದ್ಯಾರ್ಥಿವೇತನದಲ್ಲಿ, ಜಾವಾ ದ್ವೀಪದ ಯೋಗ್ಯಕರ್ತಾ ನಗರದ ಇಂಡೋನೇಷ್ಯಾ ಕಲಾ ಸಂಸ್ಥೆಯಲ್ಲಿ ವಯಾಂಗ್ ಕುಲಿತ್, ಅಂದರೆ ಜಾವಾದ ತೊಗಲುಗೊಂಬೆಯಾಟ, ಕಲಿಯಲು ಹೋಗಿದ್ದೆ. ಆ ಸಂಸ್ಥೆ ಇರುವುದು ನಗರದೊಳಗಲ್ಲ, ನಗರದ ದಕ್ಷಿಣಕ್ಕೆ ಅಂಟಿಕೊಂಡಿರುವ ಪಾಂಗ್ಗುಂಗ್‌ಹಾರ್ಜೊ ಎಂಬ ಊರಿನಲ್ಲಿ. ನಾನು ಬಾಡಿಗೆಗೆ ಇದ್ದದ್ದೂ ಅಲ್ಲಿಯೇ.

ಆಡಳಿತದ ಲೆಕ್ಕದಲ್ಲಿ ಈ ಊರು ಬಾಂತುಲ್ ಜಿಲ್ಲೆಯ ಸೇವೊನ್ ತಾಲ್ಲೂಕಿಗೆ ಸೇರಿದೆ. ಒಟ್ಟು 14 ಪಾಳ್ಯಗಳಿವೆ, ವಿಸ್ತೀರ್ಣ ಸುಮಾರು 560 ಹೆಕ್ಟೇರ್. ನಗರದ ದಕ್ಷಿಣ ವರ್ತುಲ ರಸ್ತೆ ಊರನ್ನು ಅಡ್ಡಲಾಗಿ ಸೀಳಿಕೊಂಡು ಹೋಗುತ್ತದೆ. ರಸ್ತೆಯ ಉತ್ತರಕ್ಕಿರುವ ಕ್ರಾಪ್ಯಾಕ್ ಭಾಗದಲ್ಲಿ ಮನೆಗೆ ಮನೆ ತಾಗಿಕೊಂಡಿದೆ, ನೂರು ವರ್ಷಕ್ಕೂ ಹಳೆಯದಾದ ದೊಡ್ಡ ಇಸ್ಲಾಮೀ ಗುರುಕುಲವೊಂದಿದೆ, ಓಣಿಗಳ ತುಂಬ ಲುಂಗಿಯುಟ್ಟ ವಿದ್ಯಾರ್ಥಿಗಳ ಓಡಾಟ. ದಕ್ಷಿಣಕ್ಕೆ ಇಳಿದಂತೆಲ್ಲ ಮನೆಗಳ ನಡುವೆ ಭತ್ತದ ಗದ್ದೆ ಇಣುಕತೊಡಗುತ್ತದೆ. ಕ್ರಾಪ್ಯಾಕ್‌ನಲ್ಲಿ ಸುಲ್ತಾನರು ಜಿಂಕೆ ಬೇಟೆಗೆ ಬಳಸುತ್ತಿದ್ದ ದಪ್ಪ ಗೋಡೆಗಳ ಕಟ್ಟಡವೊಂದಿದೆ. ಅದನ್ನು ಪಾಂಗ್ಗುಂಗ್ ಕ್ರಾಪ್ಯಾಕ್ ಎನ್ನುತ್ತಾರೆ. ಉತ್ತರದ ಮೆರಾಪಿ ಜ್ವಾಲಾಮುಖಿ, ತುಗು ಸ್ತಂಭ, ಅರಮನೆ, ಈ ಕಟ್ಟಡ, ದಕ್ಷಿಣದ ಸಮುದ್ರ ಇವೆಲ್ಲ ಒಂದೇ ರೇಖೆಯ ಮೇಲಿವೆ ಎಂಬುದು ಜಾವಾದವರ ಭಾವನೆ. 2023ರಲ್ಲಿ ಯುನೆಸ್ಕೊ ಈ ಅಕ್ಷರೇಖೆಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಊರಿನವರು ಮಾತ್ರ ಆ ಕಟ್ಟಡವನ್ನು ಸುತ್ತು ಹಾಕಿಕೊಂಡೇ ದಿನವೂ ಮಾರುಕಟ್ಟೆಗೆ ಹೋಗಿಬರುತ್ತಾರೆ.

ನಗರ ಇಲ್ಲಿಗೆ ಬಂದದ್ದು ಮುಖ್ಯವಾಗಿ ವಿದ್ಯಾರ್ಥಿಗಳ ರೂಪದಲ್ಲಿ. ಯೋಗ್ಯಕರ್ತಾ ಕಾಲೇಜುಗಳ ನಗರ, ಆದ್ದರಿಂದ ಸುತ್ತಲಿನ ಹಳ್ಳಿಗಳಲ್ಲೆಲ್ಲ ‘ಕೋಸ್’ ಎನ್ನುವ ಬಾಡಿಗೆ ಕೋಣೆಗಳ ಸಾಲು ಎದ್ದಿದೆ. ನಮ್ಮ ಕಡೆಯ ಪಿ.ಜಿ.ಗಳ ಹಾಗೆಯೇ, ಊಟವೊಂದಿಲ್ಲ. ನನ್ನ ಮನೆಯೊಡತಿಯ ಮಾವ ಗದ್ದೆ ಉಳುತ್ತಿದ್ದವರು. ಅವರ ಕಾಲಾನಂತರ ಗದ್ದೆ ಮೂವರು ಮಕ್ಕಳಿಗೆ ಹಂಚಿಹೋಯಿತು, ಒಬ್ಬೊಬ್ಬರ ಪಾಲಿಗೆ ಬಂದದ್ದು ಒಂದು ಕುಟುಂಬದ ಹೊಟ್ಟೆಗೂ ಸಾಲದಷ್ಟು. ಅದರ ಮೇಲೆ ಎಂಟು ಕೋಣೆ ಕಟ್ಟಿದರೆ ತಿಂಗಳು ತಿಂಗಳು ಬಾಡಿಗೆ ಬರುತ್ತದೆ, ಮಳೆಗೆ ಕಾಯಬೇಕಿಲ್ಲ, ಇಲಿಗೆ ಹೆದರಬೇಕಿಲ್ಲ. ಹೀಗೆ ಲೆಕ್ಕ ಹಾಕಿದ ಕುಟುಂಬವನ್ನು ತಪ್ಪೆಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಆದರೂ ನನ್ನ ಕೋಣೆಯ ಹಿಂದಿದ್ದ ಗದ್ದೆಗೆ ಒಂದು ಬೆಳಿಗ್ಗೆ ಲಾರಿಗಳು ಬಂದು ಮಣ್ಣು ಸುರಿಯತೊಡಗಿದಾಗ, ಹಿಂದಿನ ಸಂಜೆಯವರೆಗೂ ಅಲ್ಲಿ ಹುಳ ಹೆಕ್ಕುತ್ತಿದ್ದ ಬೆಳ್ಳಕ್ಕಿಗಳು ಪಕ್ಕದ ಬದುವಿನ ಮೇಲೆ ಸಾಲಾಗಿ ನಿಂತು ನೋಡುತ್ತಿದ್ದುದನ್ನು ನಾನು ಮರೆತಿಲ್ಲ. ಕೃಷಿಭೂಮಿಯನ್ನು ಕಾಪಾಡುವುದಕ್ಕಾಗಿಯೇ ಆ ದೇಶದಲ್ಲಿ 2009ರ ಒಂದು ಕಾಯ್ದೆಯಿದೆ. ಆದರೆ ತುಂಡು ತುಂಡಾದ ಖಾಸಗಿ ಗದ್ದೆಯ ಮುಂದೆ ಅದರ ಬಲ ಸಾಲದು ಎಂಬುದು ನಾನು ಕಣ್ಣಾರೆ ಕಂಡ ಸಂಗತಿ.

ಹಾಗಿದ್ದರೆ ಅದು ನಗರದ ಬಡಾವಣೆಯಲ್ಲವೇ ಎಂದು ತಾವು ಕೇಳಬಹುದು. ಅಲ್ಲ, ಮತ್ತು ನನ್ನ ಉತ್ತರದ ಮುಖ್ಯ ಮಾತು ಇದೇ. ಬೆಂಗಳೂರು ಬೆಳೆದಾಗ 2007ರಲ್ಲಿ 110 ಹಳ್ಳಿಗಳನ್ನು ಮಹಾನಗರ ಪಾಲಿಕೆಯೊಳಗೆ ಸೇರಿಸಿಕೊಳ್ಳಲಾಯಿತು. ಯೋಗ್ಯಕರ್ತಾದಲ್ಲಿ ನಗರದ ಮನೆಗಳು ಗಡಿ ದಾಟಿದವೇ ಹೊರತು ನಗರದ ಗಡಿ ಮುಂದಕ್ಕೆ ಸರಿಯಲಿಲ್ಲ. ನಗರಾಡಳಿತದ ವ್ಯಾಪ್ತಿ ಇಂದಿಗೂ ಕೇವಲ 32.5 ಚದರ ಕಿಲೋಮೀಟರ್. ಅದರ ಹೊರಗೆ ಎಷ್ಟೇ ಮನೆ, ಹೋಟೆಲು, ಕಾಲೇಜು ಬಂದರೂ ಅಲ್ಲಿನ ಆಡಳಿತ ಹಳ್ಳಿಯದೇ. ಹಳ್ಳಿಯ ಮುಖ್ಯಸ್ಥನನ್ನು, ಅವರ ಮಾತಿನಲ್ಲಿ ‘ಲುರಾಹ್’ ಅವರನ್ನು, ಊರಿನವರೇ ಮತ ಹಾಕಿ ಆರಿಸುತ್ತಾರೆ. ಹಳ್ಳಿಯೊಂದು ನಗರದ ವಾರ್ಡಾಗಿ ಬದಲಾಗಲು 2014ರ ಗ್ರಾಮ ಕಾಯ್ದೆಯಲ್ಲಿ ಅವಕಾಶವೇನೋ ಇದೆ. ಆದರೆ ಹಾಗೆ ಬದಲಾದರೆ ಹಳ್ಳಿಯ ಸಾಮೂಹಿಕ ಆಸ್ತಿಯೆಲ್ಲ ಜಿಲ್ಲಾಡಳಿತದ ಪಾಲಾಗುತ್ತದೆ, ಮುಖ್ಯಸ್ಥನ ಜಾಗಕ್ಕೆ ಸರ್ಕಾರ ನೇಮಿಸಿದ ಅಧಿಕಾರಿ ಬರುತ್ತಾನೆ, 2015ರಿಂದ ಕೇಂದ್ರ ಸರ್ಕಾರ ಕೊಡುತ್ತಿರುವ ಗ್ರಾಮ ನಿಧಿಯೂ ನಿಲ್ಲುತ್ತದೆ. ಇದನ್ನೆಲ್ಲ ತಿಳಿದ ಹಳ್ಳಿಗೆ ವಾರ್ಡಾಗುವ ಆತುರ ಏಕಿರಬೇಕು?

ಆ ಸಾಮೂಹಿಕ ಆಸ್ತಿಯಲ್ಲಿ ದೊಡ್ಡದು ಭೂಮಿ. 1918ರಲ್ಲಿ ಸುಲ್ತಾನರ ಆಳ್ವಿಕೆಯಲ್ಲಿ ನಡೆದ ಭೂಸುಧಾರಣೆಯು ಹಳೆಯ ಜಹಗೀರು ಪದ್ಧತಿಯನ್ನು ತೆಗೆದುಹಾಕಿ ಹಳ್ಳಿಗಳನ್ನು ಹೊಸದಾಗಿ ಸಂಘಟಿಸಿತು, ಹಳ್ಳಿಗಳಿಗೆ ಜಮೀನಿನ ಹಕ್ಕು ಕೊಟ್ಟಿತು. ಆ ಜಮೀನಿನಲ್ಲಿ ಒಂದು ಪಾಲು ಊರಿನ ಖಜಾನೆಗೆ, ಒಂದು ಪಾಲು ಅಧಿಕಾರದಲ್ಲಿರುವ ಗ್ರಾಮಾಧಿಕಾರಿಗಳಿಗೆ ಸಂಬಳದ ಬದಲು, ಇನ್ನೊಂದು ಪಾಲು ನಿವೃತ್ತರಾದವರಿಗೆ ಪಿಂಚಣಿಯಂತೆ. ನಮ್ಮಲ್ಲಿ ಪಟೇಲರಿಗೆ, ತಳವಾರರಿಗೆ ಇದ್ದ ಉಂಬಳಿಯನ್ನು ನೆನಪಿಸಿಕೊಂಡರೆ ತಮಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ವ್ಯತ್ಯಾಸವೆಂದರೆ ಅಲ್ಲಿ ಆ ಪದ್ಧತಿ ಇಂದಿಗೂ ಜೀವಂತವಾಗಿದೆ. ವರ್ತುಲ ರಸ್ತೆಯ ಪಕ್ಕದಲ್ಲಿ, ಯಾವ ಬಿಲ್ಡರ್ ಕಂಡರೂ ಆಸೆಪಡುವಂಥ ಜಾಗದಲ್ಲಿರುವ ಊರ ಜಮೀನಿನಲ್ಲಿ ಪಾಂಗ್ಗುಂಗ್‌ಹಾರ್ಜೊದ ಗ್ರಾಮ ಉದ್ಯಮವು, ಅಂದರೆ ಊರಿನದೇ ಒಡೆತನದ ಸಂಸ್ಥೆಯು, ‘ಕಾಂಪುಂಗ್ ಮಾತಾರಾಮಾನ್’ ಎಂಬ ಉಪಾಹಾರ ಗೃಹ ನಡೆಸುತ್ತದೆ. ಹಳೆಯ ಜಾವಾ ಶೈಲಿಯ ಮರದ ಮನೆಗಳಲ್ಲಿ, ಪಟ್ಟೆ ನೇಯ್ಗೆಯ ಉಡುಪು ತೊಟ್ಟ ಅದೇ ಊರಿನ ಹುಡುಗ ಹುಡುಗಿಯರು ಬಡಿಸುತ್ತಾರೆ, ಪಕ್ಕದಲ್ಲಿಯೇ ಗದ್ದೆ. ಮಾರಿದ್ದರೆ ಒಂದೇ ಸಲ ಬರಬಹುದಾಗಿದ್ದ ಹಣ ಹೀಗೆ ಊರಿನಲ್ಲೇ ಸಂಬಳವಾಗಿ ಸುತ್ತುತ್ತದೆ.

ಈ ಗ್ರಾಮ ಉದ್ಯಮ 2013ರಲ್ಲಿ ಶುರುವಾದದ್ದು ಮಾತ್ರ ಕಸದಿಂದ. 2012ರಲ್ಲಿ ಲುರಾಹ್ ಆಗಿ ಆಯ್ಕೆಯಾದ ವಹ್ಯೂದಿ ಅಂಗ್ಗೊರೊ ಹಾದಿ ಎಂಬವರು, ನಗರದ ಪಕ್ಕದ ಊರಿಗೆ ಮೊದಲು ಬರುವ ಕಷ್ಟ ಕಸವೇ ಎಂದು ಗುರುತಿಸಿ, ಅದನ್ನೇ ಊರಿನ ಆದಾಯದ ದಾರಿಯಾಗಿ ಮಾಡಿದರು. ಮನೆ ಮನೆಯಿಂದ ತಿಂಗಳ ಶುಲ್ಕ ಪಡೆದು ಕಸ ಒಯ್ಯುತ್ತಾರೆ, ಶೆಡ್ಡಿನಲ್ಲಿ ಬೇರ್ಪಡಿಸುತ್ತಾರೆ, ಮಾರಬಹುದಾದದ್ದನ್ನು ಮಾರುತ್ತಾರೆ. ಕರಿದ ಎಣ್ಣೆಯನ್ನೂ ಬಾಟಲಿಗಳಲ್ಲಿ ಸಂಗ್ರಹಿಸಿ, ಶುದ್ಧೀಕರಿಸಿ, ಕಾರ್ಖಾನೆಗೆ ಇಂಧನವಾಗಿ ಮಾರಿದ್ದಾರೆ. ಅಲ್ಲಿ ಪ್ರತಿ ಅಡುಗೆಮನೆಯಲ್ಲೂ ಕರಿಯುವುದು ವಿಪರೀತ, ಆದ್ದರಿಂದ ಎಣ್ಣೆಗೆ ಬರವಿಲ್ಲ. 2014ರಲ್ಲಿ ಈ ಊರು ರಾಷ್ಟ್ರಮಟ್ಟದ ಗ್ರಾಮ ಸ್ಪರ್ಧೆಯಲ್ಲಿ ಮೊದಲ ಸ್ಥಾನ ಪಡೆಯಿತು.

ಆ ವ್ಯವಸ್ಥೆಯ ಬೆಲೆ ನನಗೆ ಅರಿವಾದದ್ದು 2023ರ ಆಗಸ್ಟ್‌ನಲ್ಲಿ ಮತ್ತೆ ಹೋದಾಗ. ನಗರ ಮತ್ತು ಎರಡು ಜಿಲ್ಲೆಗಳ ಕಸ ಹೋಗುತ್ತಿದ್ದ ಪಿಯುಂಗಾನ್ ಎಂಬ ತಿಪ್ಪೆಗುಡ್ಡ ತುಂಬಿಹೋಗಿ, ಜುಲೈ ಕೊನೆಯಿಂದ ಅದರ ಬಾಗಿಲು ಮುಚ್ಚಿತ್ತು. ನಗರದ ರಸ್ತೆಯಂಚಿನಲ್ಲಿ ಚೀಲಗಳ ರಾಶಿ, ಅಲ್ಲಲ್ಲಿ ಸುಡುವ ಹೊಗೆ. ಪಾಂಗ್ಗುಂಗ್‌ಹಾರ್ಜೊದ ಶೆಡ್ಡಿನಲ್ಲಿಯೂ ಒತ್ತಡವಿತ್ತು, ಆದರೆ ಕೆಲಸ ನಡೆಯುತ್ತಿತ್ತು. ಕೈಗವಸು ತೊಟ್ಟ ಹೆಂಗಸರು ಬೆಲ್ಟಿನ ಮೇಲೆ ಸಾಗಿ ಬರುವ ಕಸದಿಂದ ಬಾಟಲಿ ಬೇರೆ, ಕಾಗದ ಬೇರೆ ಮಾಡುವುದನ್ನು ನಾನು ಅರ್ಧ ಗಂಟೆ ನಿಂತು ನೋಡಿದೆ. ಆ ದುಡಿಮೆಗೆ ಸಿಗಬೇಕಾದ ಗೌರವ ಇನ್ನೂ ಸಿಕ್ಕಿಲ್ಲ ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಇನ್ನು ದಿನನಿತ್ಯದ ಬದುಕು. ಅಲ್ಲಿ ಮನೆಗಳ ಚಿಕ್ಕ ಗುಂಪಿಗೆ ‘ಎರ್‌ಟೆ’ ಎನ್ನುತ್ತಾರೆ. ಈ ನೆರೆಹೊರೆ ಸಂಘದ ಮೂಲ 1942–45ರ ಜಪಾನೀ ಆಡಳಿತದ ಕಾಲದ್ದು. ಜನರ ಮೇಲೆ ಕಣ್ಣಿಡಲು ಹುಟ್ಟಿದ ವ್ಯವಸ್ಥೆ ಕಾಲಾಂತರದಲ್ಲಿ ಜನರದೇ ಆಯಿತು. ಹೊಸಬರು 24 ಗಂಟೆಯೊಳಗೆ ತಿಳಿಸಬೇಕು ಎಂಬ ಫಲಕ ಪ್ರತಿ ಓಣಿಯ ಬಾಯಲ್ಲಿದೆ. ನಾನೂ ಪಾಸ್‌ಪೋರ್ಟಿನ ಪ್ರತಿ ಹಿಡಿದು ಎರ್‌ಟೆ ಮುಖ್ಯಸ್ಥರ ಮನೆಗೆ ಹೋಗಿದ್ದೆ. ಅವರು ಅದನ್ನು ನೋಡಿದ್ದಕ್ಕಿಂತ ಹೆಚ್ಚು ಹೊತ್ತು ಸಿಹಿ ಚಹಾ ಕುಡಿಸಿ, ರಾಮಾಯಣದಲ್ಲಿ ನಿಮ್ಮ ಊರು ಎಲ್ಲಿ ಬರುತ್ತದೆ ಎಂದು ವಿಚಾರಿಸಿದರು. ಕಿಷ್ಕಿಂಧೆ ನಮ್ಮ ತುಂಗಭದ್ರೆಯ ದಡದ್ದೆಂದು ನಮ್ಮವರು ನಂಬುತ್ತಾರೆ ಎಂದಾಗ ಒಳಗಿದ್ದ ಹೆಂಡತಿಯನ್ನೂ ಕರೆದು ಅದನ್ನೇ ಇನ್ನೊಮ್ಮೆ ಹೇಳಿಸಿದರು.

ರಾತ್ರಿ ಗಂಡಸರು ಪಾಳಿಯ ಮೇಲೆ ಗಸ್ತು ತಿರುಗುತ್ತಾರೆ. ನನ್ನ ಪಾಳಿ ಗುರುವಾರದ್ದು. ಗಸ್ತಿನ ಕಟ್ಟೆಯಲ್ಲಿ ಟೊಳ್ಳು ಮಾಡಿದ ಮರದ ತುಂಡೊಂದು ತೂಗುತ್ತಿರುತ್ತದೆ. ಕಳ್ಳತನ, ಬೆಂಕಿ, ಸಾವು ಇವಕ್ಕೆ ಬೇರೆ ಬೇರೆ ಬಡಿತಗಳಿವೆ. ಗಸ್ತಿನಲ್ಲಿ ಪ್ರತಿ ಮನೆಯ ಗೇಟಿನ ಬಳಿ ನಿಂತು, ಅಲ್ಲಿ ಮೊಳೆಗೆ ಸಿಕ್ಕಿಸಿದ ಪುಟ್ಟ ಡಬ್ಬಿಯೊಳಕ್ಕೆ ಕೈ ಹಾಕುತ್ತೇವೆ. ಮೊದಲು ಅದರಲ್ಲಿ ಒಂದು ಚಿಟಿಕೆ ಅಕ್ಕಿ ಇಡುತ್ತಿದ್ದರು. ‘ಜಿಂಪಿತಾನ್’ ಎಂಬ ಹೆಸರೇ ಚಿಟಿಕೆ ಎಂಬ ಅರ್ಥದಿಂದ ಬಂದದ್ದು. ಈಗ 500 ರುಪಿಯಾದ ನಾಣ್ಯ, ನಮ್ಮ ಲೆಕ್ಕದಲ್ಲಿ ಮೂರು ರೂಪಾಯಿಗೂ ಕಡಿಮೆ. ಅದನ್ನು ಪುಸ್ತಕದಲ್ಲಿ ಮನೆವಾರು ಬರೆದು, ಆಸ್ಪತ್ರೆಗೆ ಸೇರಿದವರಿಗೆ, ಓಣಿಯ ದೀಪಕ್ಕೆ ಬಳಸುತ್ತಾರೆ. ಡಬ್ಬಿ ಎರಡು ದಿನ ಖಾಲಿಯಿದ್ದರೆ ಹಣ ಬರಲಿಲ್ಲವೆಂದು ಯಾರೂ ಗೊಣಗುವುದಿಲ್ಲ, ಆ ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲವೇ ಎಂದು ಮರುದಿನ ಬೆಳಿಗ್ಗೆ ಬಾಗಿಲು ತಟ್ಟುತ್ತಾರೆ. 2006ರ ಮೇ 27ರ ಬೆಳಗಿನ ಭೂಕಂಪ 5,700ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು, ಅತಿ ಹೆಚ್ಚು ಸಾವು ಬಾಂತುಲ್‌ನಲ್ಲೇ. ಅವಶೇಷದಡಿ ಯಾರಿದ್ದಾರೆಂದು ಅಂದು ತಕ್ಷಣ ಹೇಳಬಲ್ಲವರಿದ್ದರೆ ಅವರು ಪಕ್ಕದ ಮನೆಯವರೇ ಎಂದು ನನ್ನ ಗಸ್ತಿನ ಜೊತೆಗಾರರೊಬ್ಬರು ಹೇಳಿದ್ದರು.

ಕೊರತೆಗಳೂ ಇವೆ. ಪಾಂಡೆಸ್ ಎಂಬ ಪಾಳ್ಯದಲ್ಲಿ ಕಾಗದ ಮತ್ತು ಬಿದಿರಿನ ಆಟಿಕೆಗಳನ್ನು ಮಾಡುವವರಿದ್ದಾರೆ: ಗಿರಗಟ್ಟೆ, ಪುಟ್ಟ ಕೊಡೆ, ದಾರ ಎಳೆದರೆ ಕೈಕಾಲು ಎತ್ತುವ ‘ಅಂಗ್ಕ್ರೆಕ್’ ಗೊಂಬೆ. ಗೊಂಬೆಯಾಟದವನೆಂದು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡ ಅಜ್ಜಿಯೊಬ್ಬರು, ರಟ್ಟಿಗೆ ಬಣ್ಣ ಹಚ್ಚಿ, ಸಂದುಗಳಿಗೆ ದಾರ ಪೋಣಿಸಿ ಗಂಟು ಹಾಕುವ ಕೆಲಸವನ್ನು ಕಣ್ಣು ಹಾಯಿಸದೆಯೇ ಮಾಡುತ್ತಿದ್ದರು. ನಾನು ಹಾಕಿದ ಗಂಟು ಬಿಗಿಯಾಯಿತು, ಗೊಂಬೆಯ ತೋಳು ಏಳಲೇ ಇಲ್ಲ. ಗಂಟಿಗೂ ರಟ್ಟಿಗೂ ನಡುವೆ ಅಕ್ಕಿಕಾಳಿನಷ್ಟು ಜಾಗ ಬಿಡಬೇಕು ಎಂದು ತೋರಿಸಿಕೊಟ್ಟರು. ಅಲ್ಲಿನ ಯುವಕರು ಮಕ್ಕಳಿಗೆ ಆ ಆಟಗಳನ್ನು ಕಲಿಸುವ ಕೇಂದ್ರ ನಡೆಸುತ್ತಿದ್ದಾರೆ, ಶಾಲೆಗಳಿಂದ ಬಸ್ಸುಗಳಲ್ಲಿ ಮಕ್ಕಳು ಬರುತ್ತಾರೆ. ಆದರೆ ಅದನ್ನೇ ನಂಬಿ ದಿನವಿಡೀ ಕೂತು ಮಾಡುವವರು ಬೆರಳೆಣಿಕೆಯ ವೃದ್ಧೆಯರು ಮಾತ್ರ, ಅವರ ಮೊಮ್ಮಕ್ಕಳು ನಗರದ ಹೋಟೆಲುಗಳಲ್ಲಿ ಕೆಲಸಕ್ಕಿದ್ದಾರೆ.

ತಾವೇ ಹೋಗಿ ನೋಡುವುದಾದರೆ ಮೇಯಿಂದ ಸೆಪ್ಟೆಂಬರ್‌ವರೆಗಿನ ಒಣ ತಿಂಗಳುಗಳಲ್ಲಿ ಹೋಗಿ, ನಗರದ ಹೋಟೆಲಿನ ಬದಲು ಊರೊಳಗೆ ಕೋಣೆ ಹಿಡಿಯಿರಿ. ಕೂತವರ ಮುಂದೆ ಹಾದುಹೋಗುವಾಗ ಸ್ವಲ್ಪ ಬಾಗಿ ‘ಮೊಂಗ್ಗೊ’ ಅನ್ನಿ, ಗಂಡಸರನ್ನು ‘ಪಾಕ್’ ಎಂದೂ ಹೆಂಗಸರನ್ನು ‘ಬು’ ಎಂದೂ ಕರೆಯಿರಿ. ಮೊದಲ ದಿನವೇ ಎರ್‌ಟೆ ಮುಖ್ಯಸ್ಥರ ಮನೆಗೆ ಹೋಗಿ ಹೆಸರು ಬರೆಸಿ, ಮತ್ತು ಚಹಾ ಕುಡಿಯಲು ಅರ್ಧ ಗಂಟೆ ಇಟ್ಟುಕೊಂಡೇ ಹೋಗಿ.