ಅಪ್ಪನ ಫೋನ್ ಎತ್ತಲಿಲ್ಲ, ಈಗ ಪ್ರಭುಭೋಜನಕ್ಕೆ ಕೈ ಚಾಚೋಕೆ ಆಗ್ತಿಲ್ಲ

ಪ್ರಶ್ನೆ: ಅಕ್ಕಾ, ವಯಸ್ಸು 38, ಬೆಂಗಳೂರಲ್ಲಿ ಕೆಲ್ಸ. ನಾಲ್ಕು ವರ್ಷದ ಹಿಂದೆ ಜಮೀನು ಮಾರೋ ವಿಷ್ಯಕ್ಕೆ ಅಪ್ಪನ ಜೊತೆ ಜಗಳ ಆಗಿತ್ತು, ಅವತ್ತು ರಾತ್ರಿ ಫೋನ್ ಮಾಡಿದ್ರು, ಸಿಟ್ಟಲ್ಲಿ ಎತ್ತಲಿಲ್ಲ, ಬೆಳಿಗ್ಗೆ ಮಾತಾಡಿದ್ರಾಯ್ತು ಅಂತ ಮಲಗ್ಬಿಟ್ಟೆ. ಬೆಳಗಾಗೋದ್ರೊಳಗೆ ಹಾರ್ಟ್ ಅಟ್ಯಾಕ್ ಆಗಿ ಹೋಗ್ಬಿಟ್ರು. ಆ ಹಳೇ ಫೋನ್ ಬೀರುನಲ್ಲೇ ಇದೆ, ಆಗಾಗ ಚಾರ್ಜಿಗೆ ಹಾಕಿ ಎರಡು ಮಿಸ್ಡ್ ಕಾಲ್ ನೋಡ್ತೀನಿ. ನಿದ್ದೆ ಸರಿಯಾಗಿ ಬರಲ್ಲ. ಚರ್ಚಿಗೆ ಹೋಗ್ತೀನಿ, ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಕೊಡೋ ಪ್ರಭುಭೋಜನದ ಹೊತ್ತಿಗೆ ಎದ್ದು ಆಚೆ ಬಂದ್ಬಿಡ್ತೀನಿ. ಊರಲ್ಲಿ ಅಮ್ಮ ಒಬ್ರೇ, ಅವ್ರ ಮುಖ ನೋಡೋ ಧೈರ್ಯ ಇಲ್ಲ. ದೇವ್ರು ಕ್ಷಮಿಸಿದಾನೆ ಅಂತಾರೆ ಎಲ್ರೂ, ನಂಗ್ಯಾಕೆ ಹಗುರ ಆಗ್ತಿಲ್ಲ?
– ಹೆಸರು ಬೇಡ, ಬೆಂಗಳೂರು

ಉತ್ತರ: ತಮ್ಮಾ, ಆಗಿದ್ದು ಆಗೋಯ್ತು ಮರ್ತುಬಿಡಿ ಅಂತ ನಾನು ಹೇಳಲ್ಲ, ಅಪ್ಪನ್ನ ಮರೆಯೋಕಾಗುತ್ತಾ. ಹಿಂದಿನದನ್ನ ಮರೆತು ಮುಂದಕ್ಕೆ ಓಡ್ತೀನಿ ಅಂತ ಯೇಸುವಿನ ಸುವಾರ್ತೆ ಸಾರಿದ ಪೌಲ ಬೈಬಲಿನ ಪತ್ರದಲ್ಲಿ ಫಿಲಿಪ್ಪಿಯವರಿಗೆ ಬರ್ದಿದಾನೆ ನಿಜ, ಆದ್ರೆ ಅದೇ ಪೌಲ ಕೊರಿಂಥದವರಿಗೆ ಬರೆಯುವಾಗ ದೇವರ ಸಭೆಯನ್ನ ಹಿಂಸಿಸಿದವನು ನಾನು ಅಂತ ತಾನೇ ಹೇಳ್ಕೋತಾನೆ. ನೆನಪು ಹೋಗಿರ್ಲಿಲ್ಲ, ಅದು ಅವನ ಕಾಲು ಕಟ್ಟಿಹಾಕೋದು ನಿಂತಿತ್ತು ಅಷ್ಟೇ.

ಯೋಹಾನನ ಸುವಾರ್ತೆ 18ನೇ ಅಧ್ಯಾಯ ತೆಗೀರಿ. ಚಳಿ ರಾತ್ರಿ, ಮಹಾಯಾಜಕನ ಅಂಗಳದಲ್ಲಿ ಇದ್ದಲಿನ ಬೆಂಕಿ, ಅದರ ಪಕ್ಕ ನಿಂತು ಪೇತ್ರ ನಾನು ಯೇಸುವಿನ ಶಿಷ್ಯನೇ ಅಲ್ಲ ಅಂದ. ಈಗ 21ಕ್ಕೆ ಬನ್ನಿ, ರಾತ್ರಿಯೆಲ್ಲಾ ಬಲೆ ಬೀಸಿ ಸುಸ್ತಾಗಿ ದಡಕ್ಕೆ ಬಂದ್ರೆ ಅಲ್ಲೂ ಇದ್ದಲಿನ ಬೆಂಕಿ, ಕೆಂಡದ ಮೇಲೆ ಮೀನು, ಜೊತೆಗೆ ರೊಟ್ಟಿ, ಸತ್ತು ಮತ್ತೆ ಎದ್ದುಬಂದ ಯೇಸುಸ್ವಾಮಿ ತಾವೇ ಮಾಡಿಟ್ಟಿದಾರೆ. ಇದ್ದಲಿನ ಬೆಂಕಿ ಅನ್ನೋದಕ್ಕಿರೋ ಆ ಗ್ರೀಕ್ ಪದ ಹೊಸ ಒಡಂಬಡಿಕೇಲಿ ಬರೋದು ಈ ಎರಡೇ ಕಡೆ. ಆ ಹೊಗೆ ಮೂಗಿಗೆ ಬಡಿದಾಗ ಪೇತ್ರನ ಹೊಟ್ಟೆಯೊಳಗೆ ಏನಾಗಿರ್ಬೇಕು ನೋಡಿ! ಆದ್ರೂ ಮೊದ್ಲು ಊಟ ಬಡಿಸಿದ್ರು, ಮಾತು ಆಮೇಲೆ. ಯಾಕೆ ಹಂಗೆ ಮಾಡ್ದೆ ಅಂತ ಕೇಳಲೇ ಇಲ್ಲ, ನನ್ನನ್ನ ಪ್ರೀತಿಸ್ತೀಯಾ ಅಂತ ಮೂರು ಸಲ ಕೇಳಿ, ಮೂರು ಸಲವೂ ಕುರಿ ಕಾಯೋ ಕೆಲ್ಸ, ಅಂದ್ರೆ ತಮ್ಮ ಜನರನ್ನ ನೋಡ್ಕೊಳ್ಳೋ ಕೆಲ್ಸ ಕೈಗೆ ಕೊಟ್ರು.

ನೀವು ಎದ್ದು ಬರ್ತಿರೋದು ಇದೇ ಊಟದಿಂದ ತಮ್ಮಾ. ಅಯೋಗ್ಯರಾಗಿ ತಿಂದ್ರೆ ದೋಷ ಅಂತ ಪೌಲ ಬರ್ದಿರೋದು ನಿಮ್ಮನ್ನ ಹೆದರಿಸ್ತಿರಬಹುದು, ಅದನ್ನ ಅವನು ಬರ್ದಿದ್ದು ಕೊರಿಂಥದಲ್ಲಿ ಉಳ್ಳವರು ಮೊದ್ಲೇ ತಿಂದು ಕುಡಿದು ಬಡವರನ್ನ ಹಸಿವಲ್ಲಿ ಕೂರಿಸ್ತಿದ್ರಲ್ಲ ಅದಕ್ಕೆ, ಪಶ್ಚಾತ್ತಾಪದಲ್ಲಿ ಅಳ್ತಿರೋರನ್ನ ಆಚೆ ಕಳಿಸೋಕೆ ಅಲ್ಲ. ಚರ್ಚಿನ ಅಯ್ಯನವರ ಹತ್ರ ಒಂದ್ಸಲ ಒಬ್ರೇ ಹೋಗಿ ಬಾಯಿಬಿಟ್ಟು ಎಲ್ಲಾ ಹೇಳಿ, ಮುಂದಿನ ಸಲ ಕೂತ್ಕೊಳ್ಳಿ. ನಿದ್ದೆ ವಿಷ್ಯಕ್ಕೆ ಡಾಕ್ಟರನ್ನೂ ನೋಡಿ, ಅಲ್ಲೀವರೆಗೂ ತಡೆಯೋಕಾಗದಿದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡ್ತಾರೆ.

ಆಮೇಲೆ ಅಮ್ಮ. ನಿಮ್ಮ ಕೈಗೆ ಕೊಟ್ಟಿರೋ ಕೆಲ್ಸ ಅಲ್ಲಿದೆ ಅಂತ ನಂಗನ್ಸುತ್ತೆ. ಈ ಶನಿವಾರದ ಬಸ್ಸಿಗೇ ಹೊರಡಿ, ಆ ಫೋನೂ ತಗೊಂಡ್ಹೋಗಿ, ಅವತ್ತು ಎತ್ತಲಿಲ್ಲಮ್ಮ ಅಂತ ಹೇಳಿ. ಅಪ್ಪ ಏನು ಹೇಳೋಕೆ ಫೋನ್ ಮಾಡಿದ್ರು ಅಂತ ಗೊತ್ತಿದ್ರೆ ಅಮ್ಮ ಒಬ್ರಿಗೇ ಗೊತ್ತಿರಬೇಕು, ನಾಲ್ಕು ವರ್ಷದಿಂದ ನೀವು ಕೇಳೇ ಇಲ್ವಲ್ಲ.