ಯಕ್ಷಗಾನ ಚಿತ್ರೀಕರಣಕ್ಕೆ ಹೊಸ ಕ್ಯಾಮೆರಾ ಬೇಕೇ?

ಪ್ರಶ್ನೆ: ನಮ್ಮೂರಿನ ದೇವಸ್ಥಾನದ ಬಯಲಿನಲ್ಲಿ ನಡೆದ ಯಕ್ಷಗಾನವನ್ನು ಕಡಿಮೆ ಬೆಲೆಯ ಕ್ಯಾಮ್‌ಕಾರ್ಡರ್‌ನಲ್ಲಿ ಚಿತ್ರೀಕರಿಸಿದೆ. ವೇಷಧಾರಿಗಳ ಮುಖ ಬೆಳ್ಳಗೆ ಬಂದಿದೆ. ಚಂಡೆ ಬಾರಿಸುವಾಗ ಧ್ವನಿ ಒಡೆಯುತ್ತದೆ, ಅರ್ಥ ಹೇಳುವಾಗ ಮಾತಿಗಿಂತ ‘ಸುಯ್’ ಎಂಬ ಸದ್ದೇ ಹೆಚ್ಚು. ಹೊಸ ಕ್ಯಾಮೆರಾ ಕೊಳ್ಳಲೇ?
– ಓದುಗರು, ಹೊಸನಗರ ತಾಲ್ಲೂಕು

ಉತ್ತರ: ಸದ್ಯಕ್ಕೆ ಬೇಡ. ಈ ಮೂರೂ ದೋಷಗಳಿಗೆ ಬಹುಮಟ್ಟಿಗೆ, ಬೆಳಕು-ಧ್ವನಿಗಳನ್ನು ಕ್ಯಾಮೆರಾ ತಾನೇ ಹೊಂದಿಸಿಕೊಳ್ಳುವ ‘ಆಟೋ’ ವ್ಯವಸ್ಥೆಯೇ ಕಾರಣ. ಹೊಸದರಲ್ಲೂ ಅದು ಇದ್ದೇ ಇರುತ್ತದೆ. ರಂಗಸ್ಥಳದ ಸುತ್ತಲಿನ ಕತ್ತಲೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಕ್ಯಾಮೆರಾ, ಬೆಳಕು ಸಾಲದೆಂದು ಬಗೆದು ಇಡೀ ಚಿತ್ರವನ್ನೇ ಬೆಳಗಿಸಲು ಹೊರಡುವುದರಿಂದ, ದೀಪದ ನೇರಕ್ಕಿರುವ ಮುಖದಲ್ಲಿ ಬಣ್ಣಗಾರಿಕೆಯ ಗೆರೆಗಳು ಅಳಿಸಿಹೋಗುತ್ತವೆ, ಕತ್ತಲೆಯಲ್ಲಿ ಕಾಳುಕಾಳು ಕಾಣುತ್ತದೆ. ಮೊದಲ ವೇಷ ಬಂದೊಡನೆ ಮುಖಕ್ಕೆ ಜೂಮ್ ಮಾಡಿ, ಗೆರೆಗಳು ಕಾಣುವಷ್ಟು ಎಕ್ಸ್‌ಪೋಷರ್ (ಚಿತ್ರಕ್ಕೆ ಒದಗುವ ಬೆಳಕಿನ ಪ್ರಮಾಣ) ಇಳಿಸಿ ಲಾಕ್ ಮಾಡಿರಿ. ನಮ್ಮ ವಿದ್ಯುತ್ತು 50 ಹರ್ಟ್ಸ್‌ನದಾದ್ದರಿಂದ ಶಟರ್ ವೇಗ ಸೆಕೆಂಡಿನ 1/50 ಇದ್ದರೆ ದೀಪಗಳ ಮಿನುಗು ಸಾಮಾನ್ಯವಾಗಿ ಕಾಡುವುದಿಲ್ಲ. ಡಿಜಿಟಲ್ ಜೂಮ್ ಬೇಡವೇ ಬೇಡ. ಟ್ರೈಪಾಡ್ ಇರಲೇಬೇಕು.

ಹಣ ಹಾಕುವುದಿದ್ದರೆ ಧ್ವನಿಗೆ ಹಾಕಿರಿ. ಚಿತ್ರ ತುಸು ಮಸುಕಾದರೂ ಪ್ರಸಂಗವನ್ನು ನೋಡಬಹುದು, ಮಾತು ಕೇಳದಿದ್ದರೆ ಯಾರೂ ಕೂರುವುದಿಲ್ಲ. ಚಂಡೆಯ ಅಬ್ಬರಕ್ಕೆ ತಗ್ಗಿ, ಮಾತಿನ ನಡುವಿನ ಮೌನದಲ್ಲಿ ಮತ್ತೆ ಏರುವ ಧ್ವನಿಯ ಆಟೋ ನಿಯಂತ್ರಣವನ್ನು ಸಾಧ್ಯವಿದ್ದರೆ ನಿಲ್ಲಿಸಿ, ಅತಿ ಜೋರಿನ ಸದ್ದು ಧ್ವನಿಯ ಮೀಟರಿನಲ್ಲಿ ಮೈನಸ್ 12 ಡೆಸಿಬೆಲ್ ಆಸುಪಾಸಿನಲ್ಲಿರುವಂತೆ ಮಟ್ಟ ಹೊಂದಿಸಿರಿ. ಬಯಲಿನಲ್ಲಿ ದೂರ ಇಮ್ಮಡಿಯಾದಂತೆಲ್ಲ ಸದ್ದು ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಕೊನೆಯ ಸಾಲಿನ ಹಿಂದೆ ನಿಂತ ಕ್ಯಾಮೆರಾದ ಮೈಕಿಗೆ ಪಕ್ಕದವರ ಕೆಮ್ಮೇ ಹತ್ತಿರ. ಆದ್ದರಿಂದ ಮೈಕ್‌ಸೆಟ್‌ನವರನ್ನು ಆಟಕ್ಕೆ ಮೊದಲೇ ಕೇಳಿಕೊಂಡು, ಅವರ ಮಿಕ್ಸರ್‌ನ ಲೈನ್ ಔಟ್‌ನಿಂದ ಚಿಕ್ಕದೊಂದು ರೆಕಾರ್ಡರ್‌ನ ಲೈನ್ ಇನ್‌ಗೆ ತಂತಿ ಎಳೆಯಿರಿ. ಅದನ್ನೇ ಕ್ಯಾಮೆರಾದ ಮೈಕ್ ಕಿಂಡಿಗೆ ಸಿಕ್ಕಿಸಿದರೆ ಧ್ವನಿ ಮತ್ತೆ ಒಡೆಯುತ್ತದೆ. ಚಂಡೆಗೆ ಮೈಕ್ ಇಟ್ಟಿರದಿದ್ದರೆ ಮಿಕ್ಸರ್‌ನಲ್ಲಿ ಅದು ಸೊರಗಿರುತ್ತದೆ. ಆ ಕೊರತೆಯನ್ನು ಕ್ಯಾಮೆರಾದಲ್ಲಿ ದಾಖಲಾದ ಸದ್ದು ತುಂಬಿಕೊಡುತ್ತದೆ. ಎರಡನ್ನೂ ಹೊಂದಿಸಲು ಆರಂಭದಲ್ಲೊಮ್ಮೆ, ಕೊನೆಯಲ್ಲೊಮ್ಮೆ ರಂಗಸ್ಥಳದ ಮೈಕಿನ ಹತ್ತಿರ, ಕ್ಯಾಮೆರಾಕ್ಕೆ ಕಾಣುವಂತೆ ಜೋರಾಗಿ ಚಪ್ಪಾಳೆ ತಟ್ಟಿರಿ. ಬೆಳಗಿನವರೆಗಿನ ಆಟದಲ್ಲಿ ಎರಡು ಯಂತ್ರಗಳ ಗಡಿಯಾರಗಳು ತುಸು ಬೇರೆಯಾಗುವುದು ಸಹಜ.

ಪ್ರಶ್ನೆ: ಮಳೆಗಾಲದಲ್ಲಿ ಕ್ಯಾಮೆರಾವನ್ನು ಒಲೆಯ ಮೇಲಿನ ಅಟ್ಟದಲ್ಲಿ ಇಡಬಹುದೇ?
– ಓದುಗರು, ಆಗುಂಬೆ ಹೋಬಳಿ

ಉತ್ತರ: ಅಡಿಕೆಗೆ ಒಗ್ಗುವ ಹೊಗೆ ಲೆನ್ಸಿಗೆ ಒಗ್ಗದು. ಗಾಳಿಯಾಡದ ಡಬ್ಬದಲ್ಲಿ, ತೇವ ಹೀರುವ ಸಿಲಿಕಾ ಜೆಲ್ ಕಾಳುಗಳ ಜೊತೆಗಿಡಿ. ಚರ್ಮದ ಚೀಲಕ್ಕೆ ಬೂಷ್ಟು ಬರುತ್ತದೆ, ಅದು ಬೇಡ. ಜೆಲ್‌ನ ನೀಲಿ ಕಾಳುಗಳು ಗುಲಾಬಿ ಬಣ್ಣಕ್ಕೆ ತಿರುಗಿದರೆ ಅಡುಗೆಗೆ ಬಳಸದ ಪಾತ್ರೆಯಲ್ಲಿ ಹದವಾಗಿ ಬಿಸಿಮಾಡಿ, ಆರಿದ ಮೇಲೆ ಮತ್ತೆ ಡಬ್ಬಕ್ಕೆ ಹಾಕಿರಿ.