ತಲೆಯಲ್ಲಿ ದುಂಡಗೆ ಕೂದಲು ಉದುರಿದರೆ ಅದು ಹುಳ ತಿಂದದ್ದೇ?

ಎಂಟು ವರ್ಷದ ಮಗನ ತಲೆಯಲ್ಲಿ ನಾಣ್ಯದಗಲ ಕೂದಲು ಉದುರಿದೆ, ಹಿರಿಯರು ಹುಳ ತಿಂದಿದೆ ಎನ್ನುತ್ತಾರೆ ಎಂದು ಯಾದಗಿರಿಯಿಂದ ಕೇಳಿದ್ದೀರಿ. ಕಲಬುರಗಿಯಲ್ಲೂ ಈ ನಂಬಿಕೆ ಗಟ್ಟಿಯಾಗಿದೆ, ಆದರೆ ಯಾವ ಹುಳವೂ ಕೂದಲು ತಿನ್ನುವುದಿಲ್ಲ. ಬೋಳಾದ ಜಾಗ ನುಣುಪಾಗಿದ್ದರೆ ಅದು ಬಹುಮಟ್ಟಿಗೆ ಅಲೋಪೇಶಿಯಾ ಏರಿಯೇಟಾ; ದೇಹದ ರೋಗನಿರೋಧಕ ಕಣಗಳೇ ಕೂದಲಿನ ಬುಡದ ಮೇಲೆ ದಾಳಿ ಮಾಡುವ ಈ ಕಾಯಿಲೆ ಅಂಟುವುದಿಲ್ಲ, ಮತ್ತು ಬುಡ ನಾಶವಾಗದೆ ಉಳಿಯುವುದರಿಂದ ಕೂದಲು ಮತ್ತೆ ಬರುವ ಸಾಧ್ಯತೆ ಇದ್ದೇ ಇರುತ್ತದೆ.

ಅಂಚಿನಲ್ಲಿ ಬುಡದ ಕಡೆ ಸಣ್ಣಗಾದ ಮೋಟು ಕೂದಲು, ಉಗುರಿನಲ್ಲಿ ಚುಕ್ಕಿಯಂಥ ಗುಳಿಗಳು ಕಂಡರೆ ಚರ್ಮತಜ್ಞರು ಸಾಮಾನ್ಯವಾಗಿ ನೋಡಿಯೇ ಗುರುತಿಸುತ್ತಾರೆ. ಹೊಟ್ಟು, ತುರಿಕೆ ಇದ್ದರೆ ಶಿಲೀಂಧ್ರದ ಸೋಂಕನ್ನು ಅನುಮಾನಿಸಬೇಕು. ಅದಕ್ಕೆ ನುಂಗುವ ಔಷಧಿಯೇ ಬೇಕು, ಸ್ಟೀರಾಯ್ಡ್ ಮುಲಾಮು ಹಚ್ಚಿದರೆ ಅದು ಹೆಚ್ಚುತ್ತದೆ. ಆದ್ದರಿಂದ ಮೆಡಿಕಲ್ ಅಂಗಡಿಯಲ್ಲಿ ಕೇಳಿ ಮುಲಾಮು ತರಬೇಡಿ.

ಅಲೋಪೇಶಿಯಾದ ಸಣ್ಣ ಬೋಳು ಮಚ್ಚೆ ಅನೇಕರಲ್ಲಿ ವರ್ಷದೊಳಗೆ ತಾನಾಗಿಯೇ ತುಂಬಿಕೊಳ್ಳುತ್ತದೆ, ಮರುಕಳಿಸುವುದೂ ಉಂಟು. ವೈದ್ಯರು ಮಕ್ಕಳಿಗೆ ಮೊದಲು ಸ್ಟೀರಾಯ್ಡ್ ಮುಲಾಮು, ದೊಡ್ಡವರಿಗೆ ಮಚ್ಚೆಯೊಳಗೆ 4ರಿಂದ 6 ವಾರಕ್ಕೊಮ್ಮೆ ಟ್ರಯಾಮ್ಸಿನೊಲೋನ್ ಎಂಬ ಸ್ಟೀರಾಯ್ಡ್ ಚುಚ್ಚುಮದ್ದು ಕೊಡುತ್ತಾರೆ. ತೀವ್ರವಾದಾಗ ಬಾರಿಸಿಟಿನಿಬ್‌ನಂಥ ಮಾತ್ರೆಗಳಿವೆ; ಅಮೆರಿಕದಲ್ಲಿ 2022ರಲ್ಲಿ ವಯಸ್ಕರಿಗೆ ಅನುಮತಿ ದೊರೆತ ಈ ಔಷಧಿಗೆ ರಕ್ತಪರೀಕ್ಷೆಯ ನಿಗಾ ಅಗತ್ಯ. ಬೆಳ್ಳುಳ್ಳಿ ಅರೆದು ತಿಕ್ಕುವುದನ್ನು ದಯವಿಟ್ಟು ನಿಲ್ಲಿಸಿ, ಮಗುವಿನ ಚರ್ಮ ಸುಟ್ಟು ಹುಣ್ಣಾಗಬಹುದು.